ಬೆಳಗಾವಿಯ ಓಟಗಾರ ಫಡೆಪ್ಪ ಚೌಗುಲೆ

ರಾಂಪುರದಿಂದ ಬಳ್ಳಾರಿಯ ಕಡೆಗೆ ಹೋಗುವ ದಾರಿಯ ಬಿಸಿಲು ಎಂಥದೆಂಬದನ್ನು ನೀವು ಬಲ್ಲಿರಿ. ಅಂಥ ದಾರಿಯಲ್ಲಿ ಇಪ್ಪತ್ತಾರೂವರೆ ಮೈಲನ್ನು ಎಲ್ಲಿಯೂ ಕುಳಿತುಕೊಳ್ಳದೆ ಓಡಬೇಕೆಂದರೆ ಯಾರ ಎದೆ ನಡುಗದು? ಪರದೇಶದಲ್ಲಿ ಅಷ್ಟು ದೂರವನ್ನು ಓಡಿ ಮುಗಿಸಿದ ನಮ್ಮ ಸೀಮೆಯವನೊಬ್ಬನ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ.

ಆತನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ, ಊರು ಬೆಳಗಾವಿ. ಆ ಕಾಲದಲ್ಲಿ ಪುಣೆಯ ಡೆಕ್ಕನ್ ಜಿಮಖಾನೆಯವರು ಓಟದ ಪಂದ್ಯಗಳನ್ನು ನಡಿಸುತ್ತಿದ್ದರು. ಆ ಸಂಘದ ಅಧ್ಯಕ್ಷರಾಗಿದ್ದ ದೊರಾಬ್ಜಿ ತಾತಾರವರು ಅಲ್ಲಿಗೆ ಹೋಗಿ ನೋಡಲಾಗಿ, ಓಡುವವರು ಹೊಲದಲ್ಲಿ ದುಡಿಯುವ ಒಕ್ಕಲು ಮಕ್ಕಳಾಗಿದ್ದರು. ಕಾಲಿಗೆ ಜೋಡಿಲ್ಲ, ಓಟದ ಕ್ರಮವನ್ನು ಕಲಿಸಿದವರಿಲ್ಲ. ಆದರೂ ಅವರು ಓಡಿದ ವೇಗವು ತಾತಾರವರನ್ನು ಬೆರಗುಗೊಳಿಸಿತು. ಆಗ ಅವರು ಮುಂಬಯಿಯ ಗವರ್ನರರ ಸಹಾಯವನ್ನು ಬೇಡಿ, ತಮ್ಮ ಹಣವನ್ನೂ ಕೊಟ್ಟು, 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣದಲ್ಲಿ ಕೂಡಲಿದ್ದ ಒಲಿಂಪಿಕ್ ಪಂದ್ಯಗಳಿಗೆ ಜನರನ್ನು ಕಳುಹಿಸುವ ಏರ್ಪಾಡು ಮಾಡಿದರು. ಭಾರತದಿಂದ ಒಂದು ತಂಡವು ಹೋದದ್ದು ಅದೇ ಮೊದಲು. ನಾಲ್ವರು ಓಟಗಾರರೂ ಇಬ್ಬರು ಕುಸ್ತಿಯವರೂ ಹಡಗನ್ನೇರಿದರು. ಆ ನಾಲ್ವರಲ್ಲಿ ಚೌಗುಲೆ ಒಬ್ಬನು.

ಆಗಸ್ಟ್ 22ರಂದು ಮ್ಯಾರಥಾನ್ ಎಂಬ ದೂರದ ಓಟವು ನಡೆಯಿತು. ಅದರ ಉದ್ದ 42.75 ಕಿಲೋಮೀಟರ್, ಒಲಿಂಪಿಕ್ ಪಂದ್ಯಗಳಲ್ಲಿ ಇದಕ್ಕಿಂತ ಉದ್ದವಾದ ಮ್ಯಾರಥಾನ್ ನಡೆದದ್ದಿಲ್ಲ. ಬಿಸಿಲ ನಾಡಿನವನಿಗೆ ಅಲ್ಲಿ ಸಿಕ್ಕಿದ್ದು ಮಳೆಯೂ ಚಳಿಯೂ. ನುರಿತವರಲ್ಲಿಯೇ ಕೆಲವರು ನಡುದಾರಿಯಲ್ಲಿ ನಿಂತುಬಿಟ್ಟರು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನನು 2 ಗಂಟೆ 32 ನಿಮಿಷಗಳಲ್ಲಿ ಮೊದಲಿಗನಾಗಿ ಬಂದನು. ಚೌಗುಲೆಯು ನಿಲ್ಲಲಿಲ್ಲ, 2 ಗಂಟೆ 50 ನಿಮಿಷಗಳಲ್ಲಿ ಗುರಿಯನ್ನು ಮುಟ್ಟಿ ಹತ್ತೊಂಭತ್ತನೆಯವನಾದನು.

ಓಡುವವರಿಗೆ ಧೈರ್ಯ ಕೊಡುವ ಪುಸ್ತಕಗಳು ಲೋಕದಲ್ಲಿ ಬಹಳ ಉಂಟು. ಪೌಲನು ಸಹ ಕೊರಿಂಥದವರಿಗೆ ಬರೆಯುವಾಗ ಪಂದ್ಯದ ಓಟವನ್ನೇ ದೃಷ್ಟಾಂತವಾಗಿ ತಂದನು. ಚೌಗುಲೆಗೆ ಬಿರುದು ದೊರೆಯಲಿಲ್ಲ. ಆದರೆ ಹಿಡಿದ ಓಟವನ್ನು ಮುಗಿಸಿದವನೆಂಬ ಹೆಸರು ಉಳಿಯಿತು.

ಇನ್ನೊಂದು ಮಾತನ್ನೂ ನಾವು ಮರೆಯಬಾರದು. ಅಂದು ತಾತಾರವರು ಬರಿಗಾಲನ್ನು ಕಂಡು ಹೀನಾಯವಾಗಿ ಎಣಿಸಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕುರಿಗಳ ಹಿಂದೆಯೂ ಶಾಲೆಯ ದಾರಿಯಲ್ಲಿಯೂ ಓಡುವ ಮಕ್ಕಳು ಎಷ್ಟು ಮಂದಿ! ಅವರ ಕಾಲುಗಳ ಬಲವನ್ನು ಗುರುತಿಸುವವರು ನಮ್ಮಲ್ಲಿ ಯಾರು?