ಕೌದಿಯನ್ನು ತಿರುವಿ ನೋಡುವವರು

ಬೈಲಹೊಂಗಲದ ಕಡೆಯ ಹಳ್ಳಿಯೊಂದರಲ್ಲಿ ಹೊಸದಾಗಿ ಹೊಲಿದ ಕೌದಿಯನ್ನು ಕಟ್ಟೆಯ ಮೇಲೆ ಹಾಸಿದರೆ ಸಾಕು, ಓಣಿಯ ಹೆಣ್ಣುಮಕ್ಕಳು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಮೊದಲು ಬಣ್ಣ ನೋಡುತ್ತಾರೆ. ಆಮೇಲೆ ಒಬ್ಬಾಕೆ ಮೂಲೆ ಹಿಡಿದು, "ತಿರುವಿ ಹಾಕವಾ, ಹಿಂದಿನ ಮಗ್ಗಲಾ ನೋಡೂಣು" ಅನ್ನುತ್ತಾಳೆ. ಮೇಲಿನ ಮಗ್ಗಲಲ್ಲಿ ಹಸಿರು, ಕೆಂಪು, ಹಳದಿ ತುಂಡುಗಳು ಕಣ್ಣು ಸೆಳೆಯುತ್ತವೆ. ಹೊಲಿದವಳ ಕೈ ಎಂಥದ್ದು ಅನ್ನುವುದು ಹಿಂದಿನ ಮಗ್ಗಲಲ್ಲಿ ಗೊತ್ತಾಗುತ್ತದೆ. ಅಲ್ಲಿ ಬರೀ ಹೊಲಿಗೆಯ ಸಾಲುಗಳಿರುತ್ತವೆ. ಸಾಲು ಡೊಂಕಾದರೆ, ಒಂದು ಟಾಕು ಉದ್ದ ಇನ್ನೊಂದು ಗಿಡ್ಡ ಆದರೆ, ಬಣ್ಣ ಅದನ್ನು ಮುಚ್ಚಲಾರದು.

ಮಕ್ಕಳೇ, ನಿಮ್ಮಲ್ಲಿ ಬಹಳ ಮಂದಿ ಬೇಸಿಗೆ ರಜೆಯಲ್ಲಿ ಅಪ್ಪ ಅವ್ವನ ಜೊತೆ ಅಮೆರಿಕದ ಕೌಂಟಿ ಫೇರಿಗೆ ಹೋಗಿರುತ್ತೀರಿ. ಅಲ್ಲಿ ರಾಟೆ ತೊಟ್ಟಿಲು, ಹಂದಿಮರಿಗಳ ಓಟ ಮುಗಿಸಿಕೊಂಡು ಒಂದು ದೊಡ್ಡ ಶೆಡ್ಡಿನೊಳಗೆ ಹೊಕ್ಕರೆ ಗೋಡೆಯ ಮೇಲೆ ಕ್ವಿಲ್ಟುಗಳು, ಮೇಜಿನ ಮೇಲೆ ಟೊಮೆಟೊ, ಬೀನ್ಸ್, ಜಾಮಿನ ಬಾಟಲಿ, ಅವುಗಳ ಪಕ್ಕ ನೀಲಿ, ಕೆಂಪು ರಿಬ್ಬನ್ನು. ಅಲ್ಲಿಯ ತೀರ್ಪುಗಾರರೂ ಕ್ವಿಲ್ಟನ್ನು ತಿರುಗಿಸಿ ನೋಡುತ್ತಾರೆ. ಟಾಕುಗಳ ನಡುವಿನ ಅಂತರ ಸಮ ಇದೆಯೇ, ಮೂಲೆಗಳು ಚೌಕಾಗಿ ಕೂತಿವೆಯೇ, ಅಂಚಿನ ಪಟ್ಟಿ ಸುಕ್ಕಾಗಿದೆಯೇ ಎಂದು ಬೆರಳಾಡಿಸಿ ಪರೀಕ್ಷಿಸುತ್ತಾರೆ. ಅವರು ಕೇಳುವುದನ್ನು ನಮ್ಮ ಓಣಿಯ ಹೆಣ್ಣುಮಕ್ಕಳು ಯಾವತ್ತಿನಿಂದಲೋ ಕೇಳುತ್ತ ಬಂದಿದ್ದಾರೆ. ಹಾಗಿರುವಾಗ ಆ ಗೋಡೆಯ ಮೇಲೆ ನಮ್ಮದೊಂದು ಕೌದಿ ಯಾಕೆ ಇರಬಾರದು? ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿಯೇ.

ನಾನು ಹೇಳುತ್ತಿರುವ ಸೀಮೆ ಬೆಳಗಾವಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳದು: ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಕಿತ್ತೂರಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತ, ಕರಿ ಎರೆಮಣ್ಣಿನ ಬಯಲು ಬಿಚ್ಚಿಕೊಳ್ಳುತ್ತದೆ. ಜೋಳ, ಹತ್ತಿ, ಕಡಲೆ, ಕುಸುಬಿ ಬೆಳೆಯುವ ನೆಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಮುಂದೆ ರಾಮದುರ್ಗವನ್ನು ಹಾಯ್ದು ಹೋಗುತ್ತಾಳೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಬ್ರಿಟಿಷರನ್ನು ಸೋಲಿಸಿದ್ದು ಕಿತ್ತೂರಿನಲ್ಲಿ. ಆಕೆಯ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಸಂಗೊಳ್ಳಿ ರಾಯಣ್ಣನ ಊರು ಅದೇ ತಾಲ್ಲೂಕಿನದು. ಅವರ ಕಥೆ ನಿಮಗೆ ನಮ್ಮ ಕನ್ನಡ ಕೂಟದ ನಾಟಕಗಳಿಂದ ಗೊತ್ತು. ಅದೇ ನೆಲದಲ್ಲಿ ಸೂಜಿ ಹಿಡಿದು ಕೂತವರನ್ನು ಮಾತ್ರ ನಾಟಕದಲ್ಲಿ ಯಾರೂ ತೋರಿಸುವುದಿಲ್ಲ.

ಕೌದಿ ಹೇಗೆ ಆಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅದಕ್ಕೆ ಹೊಸ ಬಟ್ಟೆ ತರುವುದಿಲ್ಲ. ಉಟ್ಟು ಉಟ್ಟು ಮೆತ್ತಗಾದ ಹತ್ತಿಯ ಸೀರೆ, ಧೋತರ, ಮಕ್ಕಳಿಗೆ ಸಣ್ಣದಾದ ಅಂಗಿ, ಕುಬಸದ ತುಂಡು ಎಲ್ಲವನ್ನೂ ಒಗೆದು ಒಣಗಿಸಿ ಗಂಟು ಕಟ್ಟಿ ಇಟ್ಟಿರುತ್ತಾರೆ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದಾಗ ಗಂಟು ಬಿಚ್ಚುತ್ತಾರೆ. ಕೆಳಗೆ ಒಂದು ಇಡೀ ಸೀರೆ, ನಡುವೆ ಹಳೆಯ ಅರಿವೆಯ ಪದರುಗಳು, ಮೇಲೆ ಬಣ್ಣದ ತುಂಡುಗಳ ಜೋಡಣೆ. ನಾಲ್ಕು ಜನ ನಾಲ್ಕು ಅಂಚಿಗೆ ಕೂತು ಹೊರಗಿನಿಂದ ಒಳಕ್ಕೆ ಸಾಲು ಹಾಕುತ್ತ ಬರುತ್ತಾರೆ. ಸೂಜಿ ಪದರುಗಳನ್ನೆಲ್ಲ ದಾಟಿ ಕೆಳಗೆ ಹೋಗಿ ಮತ್ತೆ ಮೇಲೆ ಬರಬೇಕು. ಹೆಬ್ಬೆರಳಿನ ತುದಿ ಗಡುಸಾಗುವಷ್ಟು ಕೆಲಸ. ಕೊನೆಗೆ ನಟ್ಟನಡುವೆ ಅಂಗೈಯಗಲದ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಎಷ್ಟೋ ಮನೆಗಳಲ್ಲಿ ಅದನ್ನು ಹಾಗೇ ಮುಚ್ಚುವುದಿಲ್ಲ. ರೊಟ್ಟಿಯ ಚೂರೋ ಹೋಳಿಗೆಯ ಚೂರೋ ಒಳಗಿಟ್ಟು, ಕೌದಿಯ ಹೊಟ್ಟೆ ತುಂಬಿಸಿ, ಆಮೇಲೆ ಕೊನೆಯ ಸಾಲು ಹಾಕುತ್ತಾರೆ. ಹೊದೆಯುವವರ ಹೊಟ್ಟೆ ಹಸಿಯದಿರಲಿ ಎಂಬ ಹಾರೈಕೆ ಅದು. ಕೌದಿಯ ಬಗ್ಗೆ ನನಗೆ ಇದಕ್ಕಿಂತ ಪ್ರೀತಿಯ ಸಂಗತಿ ಇನ್ನೊಂದಿಲ್ಲ.

ಕಿತ್ತೂರಿಗೆ ದೂರವಲ್ಲದ ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿ ಜನಾಂಗದ ತಾಯಂದಿರೂ ಇದೇ ಬಗೆಯಲ್ಲಿ ಹೊಲಿಯುತ್ತಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರ ಕವುದಿಯ ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡು ಇರಲೇಬೇಕು. ಅದಿಲ್ಲದ ಕವುದಿ ಬೆತ್ತಲೆ ಎನ್ನುತ್ತಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಆ ತಾಯಂದಿರ ಜೊತೆ ಕೆಲಸ ಮಾಡಿದ ಮೇಲೆ ಅವರ ಕವುದಿಗಳು ಅಮೆರಿಕದ ವಸ್ತುಸಂಗ್ರಹಾಲಯಗಳ ಗೋಡೆ ಏರಿವೆ. ಆದ್ದರಿಂದ ಫೇರಿನವರಿಗೆ ನಮ್ಮ ಕೌದಿ ಹಿಡಿಸುತ್ತದೋ ಇಲ್ಲವೋ ಎಂದು ಅಳುಕುವುದು ಬೇಡ.

ತಿರುವಿ ನೋಡುವ ಇನ್ನೊಂದು ಕೆಲಸ ಕಸೂತಿ. ಧಾರವಾಡ ಸೀಮೆಯದೆಂದು ಹೆಸರಾದ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಕಲೆ ಬೈಲಹೊಂಗಲ, ಸವದತ್ತಿಯ ಮನೆಗಳಿಗೂ ಸೇರಿದ್ದು. ಪೆನ್ಸಿಲ್ಲಿನಲ್ಲಿ ಚಿತ್ರ ಬರೆದುಕೊಂಡು ಹೊಲಿಯುವ ರೂಢಿ ಇಲ್ಲಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಒಂದು ಟಾಕಿನಷ್ಟು ಜಾಗ ಬಿಟ್ಟು ಒಂದು ಟಾಕು ಹಾಕುತ್ತ ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸ್ಸು ಬಂದು ಬಿಟ್ಟದ್ದನ್ನು ತುಂಬಬೇಕು. ಆಗ ಹಿಂದೆಯೂ ಮುಂದೆಯೂ ಒಂದೇ ಚಿತ್ರ. ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿಯೂ ಎರಡು ಮಗ್ಗಲಲ್ಲಿ ಒಂದೇ. ನೇಗಿ, ಮೆಂತೆ ಎಂದು ಇನ್ನೆರಡು ಬಗೆ ಇವೆ. ತೇರು, ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿ, ತೊಟ್ಟಿಲು, ನವಿಲು ಎಲ್ಲವೂ ಇಳಕಲ್ ಸೀರೆಯ ಸೆರಗಿನಲ್ಲಿ ಹೀಗೆ ಎಣಿಕೆಯಿಂದ ಹುಟ್ಟುತ್ತವೆ. ನಿಮ್ಮಲ್ಲಿ ಗಣಿತ ಇಷ್ಟಪಡುವವರು ಮೊದಲು ಗವಂತಿಯಿಂದ ಶುರು ಮಾಡಿ. ಒಂದೇ ದಾರದಲ್ಲಿ, ಹಾದ ಗೆರೆಯ ಮೇಲೆ ಮೂರನೇ ಸಲ ಹಾಯದೆ, ಇಡೀ ಗೋಪುರ ಮುಗಿಸುವ ದಾರಿ ಹುಡುಕುವುದು ಒಳ್ಳೆಯ ಒಗಟು.

ಮಕ್ಕಳ ಕೈಕೆಲಸಕ್ಕೆ ಆ ಕಡೆ ಬೇರೆಯೇ ಒಂದು ಋತು ಇದೆ, ಅದು ಸರಿಯಾಗಿ ನಿಮ್ಮ ಬೇಸಿಗೆ ರಜೆಗೇ ಬೀಳುತ್ತದೆ. ಜೂನ್ ಸುಮಾರಿಗೆ ಕಾರಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಊರಬಾಗಿಲಲ್ಲಿ ಕರಿ ಹರಿಯುತ್ತಾರೆ. ಅಡ್ಡ ಕಟ್ಟಿದ ತೋರಣದ ಕಡೆಗೆ ಎತ್ತುಗಳ ಓಟ. ಕೆಂದೆತ್ತು ಗೆದ್ದರೆ ಮುಂಗಾರಿ ಬೆಳೆ, ಬಿಳಿಎತ್ತು ಗೆದ್ದರೆ ಹಿಂಗಾರಿಯ ಬಿಳಿಜೋಳ ಚೆನ್ನಾಗಿ ಬರುತ್ತದೆ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆವತ್ತು ಮಕ್ಕಳು ಎರೆಮಣ್ಣು ಕಲಸಿ ಜೋಡೆತ್ತು ಮಾಡುತ್ತಾರೆ, ಮುಂದೊಂದು ಗೋದಲಿ ಇಡುತ್ತಾರೆ. ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಹೆಣ್ಣುಮಕ್ಕಳು ಮಣ್ಣಿನಲ್ಲಿ ಗುಳ್ಳವ್ವನನ್ನು ಕೂರಿಸಿ, ಕೆಂಪು ಕಪ್ಪು ಗುಲಗಂಜಿ, ಬಿಳಿ ಕುಸುಬಿ ಕಾಳನ್ನು ಒಂದೊಂದಾಗಿ ಒತ್ತಿ ಒಡವೆ ಮಾಡುತ್ತಾರೆ. ಯಾರ ಗುಳ್ಳವ್ವ ಚೆಂದ ಎಂದು ಓಣಿಯಲ್ಲಿ ಮನೆಮನೆ ತಿರುಗಿ ನೋಡುವುದೂ ಉಂಟು. ಒಂದು ಎಚ್ಚರಿಕೆ: ಗುಲಗಂಜಿ ಬಹಳ ವಿಷದ ಕಾಳು. ನೀವು ಮಾಡುವಾಗ ಅದನ್ನು ಬಿಟ್ಟು ಕೆಂಪು ಮಣಿ ಬಳಸಿ.

ದೊಡ್ಡವರ ಪ್ರದರ್ಶನ ಅಂದರೆ ಜಾತ್ರೆ. ಜನವರಿಯ ಬನದ ಹುಣ್ಣಿಮೆಗೆ, ಫೆಬ್ರವರಿಯ ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಹಾರಿ ಬಂಡಿಗಳು "ಉಧೋ ಉಧೋ" ಎನ್ನುತ್ತ ಸಾಲುಗಟ್ಟುತ್ತವೆ. ಬಂಡಿ ಬಿಟ್ಟಲ್ಲೇ ಒಲೆ ಹೂಡಿ ಹೋಳಿಗೆ, ಕಡಬು, ಬದನೆಯ ಪಲ್ಯೆ ಮಾಡಿ ಪರಡಿ ಎಂಬ ದೇವಿಯ ಬುಟ್ಟಿ ತುಂಬಿಸುತ್ತಾರೆ. ರಾಮದುರ್ಗ ತಾಲ್ಲೂಕಿನ ಗೊಡಚಿಯಲ್ಲಿ ಚಳಿಗಾಲಕ್ಕೆ ವೀರಭದ್ರೇಶ್ವರನ ಜಾತ್ರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ದನದ ಪೇಟೆ ಕೂಡಿದರೆ ಅಲ್ಲಿಯ ಪರೀಕ್ಷೆ ನೋಡುವಂಥದ್ದು. ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾರೆ, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸು ಹೇಳುತ್ತಾರೆ. ಮೈಮೇಲಿನ ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ದರ ಮಾತ್ರ ಬಾಯಲ್ಲಿ ಬರುವುದಿಲ್ಲ. ಟವೆಲ್ಲಿನ ಕೆಳಗೆ ಇಬ್ಬರ ಬೆರಳುಗಳು ಮಾತಾಡಿಕೊಳ್ಳುತ್ತವೆ.

ಈಗ ಇಂಥ ಪ್ರದರ್ಶನಗಳಿಗೆ ಹೊಸ ರೂಪಗಳೂ ಬಂದಿವೆ. ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದಲ್ಲಿ ಕುಸ್ತಿ, ಜಾನಪದ ಮೆರವಣಿಗೆಯ ಜೊತೆ ವಸ್ತುಪ್ರದರ್ಶನವಿರುತ್ತದೆ. 1986ರಲ್ಲಿ ಶುರುವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಡೆಸುವ ಕೃಷಿ ಮೇಳಕ್ಕೆ ಈ ನಾಲ್ಕೂ ತಾಲ್ಲೂಕಿನ ರೈತರು ಗುಂಪು ಗುಂಪಾಗಿ ಹೋಗುತ್ತಾರೆ. ಅಲ್ಲಿ ಫಲಪುಷ್ಪ ಪ್ರದರ್ಶನ, ಬೀಜದ ಮಾರಾಟ, ಜಿಲ್ಲೆಗೊಬ್ಬರಂತೆ ಶ್ರೇಷ್ಠ ಕೃಷಿಕ ಮತ್ತು ಕೃಷಿ ಮಹಿಳೆ ಪ್ರಶಸ್ತಿ. ಅಮೆರಿಕದ ಫೇರುಗಳ ಬೇರೂ ಇಂಥದ್ದೇ. 1807ರಲ್ಲಿ ಎಲ್ಕಾನಾ ವಾಟ್ಸನ್ ಎಂಬುವನು ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡಿನಲ್ಲಿ ತನ್ನ ಎರಡು ಮೆರಿನೋ ಕುರಿಗಳನ್ನು ಊರ ನಡುವೆ ಕಟ್ಟಿ ಜನರಿಗೆ ತೋರಿಸಿದ. ನೋಡಲು ಸೇರಿದ ಮಂದಿಯನ್ನು ಕಂಡು, ಎಲ್ಲರೂ ತಮ್ಮ ತಮ್ಮದನ್ನು ತಂದು ತೋರಿಸಲಿ ಎಂಬ ಯೋಚನೆ ಬಂತು. ಕೆಲವೇ ವರ್ಷಗಳಲ್ಲಿ ಬಹುಮಾನ, ಮೆರವಣಿಗೆ ಸೇರಿ ಅದು ಹಬ್ಬವಾಯಿತು.

ಇನ್ನು ನಿಮ್ಮ ಕೆಲಸದ ಮಾತು. ಫೇರಿನ ಪುಸ್ತಿಕೆ ಕೆಲವು ತಿಂಗಳು ಮೊದಲೇ ಸಿಗುತ್ತದೆ. ಅದನ್ನು ಅಪ್ಪ ಅವ್ವ ಓದಿ ಹೇಳಲಿ ಎಂದು ಕಾಯದೆ ನೀವೇ ಓದಿ. ಫೋರ್-ಎಚ್ ಎಂಬ ಮಕ್ಕಳ ಕ್ಲಬ್ಬಿನಲ್ಲಿ ಇರುವವರಿಗೆ ಒಂದು ವಿಭಾಗ, ಎಲ್ಲರಿಗೂ ತೆರೆದ ಇನ್ನೊಂದು ವಿಭಾಗ ಸಾಮಾನ್ಯವಾಗಿ ಇರುತ್ತದೆ. ಮಕ್ಕಳ ಎಷ್ಟೋ ವಿಭಾಗಗಳಲ್ಲಿ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದಿಲ್ಲ, ಗೊತ್ತುಪಡಿಸಿದ ಮಟ್ಟಕ್ಕೆ ಹೋಲಿಸುತ್ತಾರೆ. ಆ ಮಟ್ಟ ಮುಟ್ಟಿದವರಿಗೆಲ್ಲ ನೀಲಿ ರಿಬ್ಬನ್ನು. ಈ ಪದ್ಧತಿ ನನಗೆ ಬಹಳ ಒಪ್ಪಿಗೆ. ತರಕಾರಿಯಲ್ಲಿ ದೊಡ್ಡದು ಗೆಲ್ಲುತ್ತದೆ ಎಂದು ತಿಳಿಯಬೇಡಿ. ತಟ್ಟೆಯಲ್ಲಿ ಐದು ಟೊಮೆಟೊ ಇಡಲು ಹೇಳಿದರೆ ಐದೂ ಒಂದೇ ಗಾತ್ರ, ಒಂದೇ ಬಣ್ಣ, ಒಂದೇ ಹದ ಇರಬೇಕು. ಊರಲ್ಲಿ ರೈತರು ಬೀಜಕ್ಕೆಂದು ಜೋಳದ ತೆನೆ ಆರಿಸುವಾಗಲೂ ಕಣ್ಣಿಗೆ ಹೊಡೆಯುವ ಒಂದೇ ತೆನೆಗೆ ಮರುಳಾಗುವುದಿಲ್ಲ, ಕಾಳು ತುಂಬಿದ, ರೋಗವಿಲ್ಲದ, ಒಂದೇ ಜಾತಿಯ ತೆನೆಗಳನ್ನು ಸಾಲಿನ ಉದ್ದಕ್ಕೂ ಹುಡುಕುತ್ತಾರೆ.

ಬೆಳೆಯಲು ನನ್ನ ಸಲಹೆ ಮುಳಗಾಯಿ (ಬದನೆ), ಚವಳಿಕಾಯಿ (ಗೋರಿಕಾಯಿ) ಮತ್ತು ಪುಂಡಿ ಪಲ್ಯೆ. ಮೂರಕ್ಕೂ ಬಿಸಿಲು ಬೇಕು, ತಂಪು ಆಗದು. ಎಣ್ಣೆಗಾಯಿಗೆ ಹಾಕುವ ಗುಂಡನೆಯ ಸಣ್ಣ ಮುಳಗಾಯಿಯ ಬೀಜವೂ, ಗೊಂಗುರ ಎಂದು ಮಾರುವ ಪುಂಡಿಯ ಬೀಜವೂ ನೀವಿರುವ ದೇಶದಲ್ಲೇ ಸಿಗುತ್ತವೆ. ಊರಿನಿಂದ ಬೀಜ ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ಪರವಾನಗಿ, ತಪಾಸಣೆಯ ಪತ್ರ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಮುಳಗಾಯಿಯನ್ನು ಕಡೆಯ ಹಿಮ ಬೀಳುವ ದಿನಕ್ಕೆ ಎಂಟು ವಾರ ಮುಂಚೆ ಮನೆಯೊಳಗೆ ಸಸಿ ಮಾಡಿ. ಫೇರಿಗೆ ಒಯ್ಯುವ ದಿನ ಬೆಳಿಗ್ಗೆ ತೊಟ್ಟು ಉಳಿಸಿ ಕತ್ತರಿಸಿ, ಒರೆಸಿ. ತೊಳೆಯುವುದು ಬೇಡ.

ಕೌದಿಗೆ ಮಾತ್ರ ಈ ಚಳಿಗಾಲದಲ್ಲೇ ಕೂರಬೇಕು. ದೊಡ್ಡದು ಬೇಡ, ತೊಟ್ಟಿಲಿನ ಕೂಸಿಗೆ ಹೊದಿಸುವಷ್ಟು ಸಾಕು. ಸೀರೆ ನಿಮ್ಮ ಮನೆಯಲ್ಲೇ ಇದೆ. ಊರಿಂದ ಆಯಿ ಬಂದಿದ್ದರೆ ಅವರ ಪಕ್ಕ ಕೂತು ಮೊದಲ ಸಾಲು ಹಾಕಿಸಿಕೊಳ್ಳಿ, ಬಂದಿಲ್ಲದಿದ್ದರೆ ವಿಡಿಯೋ ಕರೆಯಲ್ಲಿ ಸಾಲು ತೋರಿಸಿ. ಹಿಂದಿನ ಮಗ್ಗಲು ತೋರಿಸು ಎಂದು ಅವರೇ ಕೇಳುತ್ತಾರೆ. ಹೊಟ್ಟೆ ತುಂಬಿಸಲು ಒಣಗಿದ ರೊಟ್ಟಿಯ ಒಂದು ಚೂರು ಸಾಕು, ಹಸಿಯದನ್ನು ಇಟ್ಟರೆ ಬೂಷ್ಟು ಹಿಡಿಯುತ್ತದೆ. ಫೇರಿನ ಚೀಟಿಯಲ್ಲಿ ವಿವರಣೆಗೆ ಎರಡು ಸಾಲು ಜಾಗ ಇದ್ದರೆ, ಯಾವ ಸೀರೆ ಯಾರದು, ಹೊಲಿಗೆ ಯಾವ ಊರಿನ ಪದ್ಧತಿ ಎಂದು ಬರೆಯಿರಿ. ಕೂಟದಲ್ಲಿ ಹೊಲಿಗೆ ಬಲ್ಲ ತಾಯಂದಿರು ಹಲವರಿದ್ದಾರೆ. ಸಂಕ್ರಾಂತಿಯ ಕಾರ್ಯಕ್ರಮದ ದಿನ ಹಳೆಯ ಹತ್ತಿ ಬಟ್ಟೆ, ದಪ್ಪ ದಾರ, ಉದ್ದ ಸೂಜಿ ತನ್ನಿ. ಸಭಾಂಗಣದ ಒಂದು ಮೂಲೆಯಲ್ಲಿ ಜಮಖಾನೆ ಹಾಸಿ ಅಂದೇ ಶುರು ಮಾಡೋಣ.