ಬಡ್ಡಿ ಹಾಲಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಲಬಕ್ ಎಂಬ ಊರಿನಲ್ಲಿ 1936ರಲ್ಲಿ ಜನಿಸಿದ ಬಡ್ಡಿ ಹಾಲಿ, ಗಿಟಾರ್ ನುಡಿಸುತ್ತ, ತಾನೇ ಕಟ್ಟಿದ ಹಾಡುಗಳನ್ನು ಹಾಡಿ 1957ರಲ್ಲಿ ದೇಶವಿಖ್ಯಾತನಾದನು.

1959ರ ಚಳಿಗಾಲದ ಸಂಚಾರದಲ್ಲಿ ಬಸ್ಸಿನ ಬಿಸಿಗಾಳಿಯ ಯಂತ್ರ ಕೆಟ್ಟಿತು. ವಾದ್ಯಗಾರನೊಬ್ಬನು ಕಾಲು ಮರಗಟ್ಟಿ ಆಸ್ಪತ್ರೆ ಸೇರಿದನು. ಬೇಸತ್ತ ಹಾಲಿ ಚಿಕ್ಕ ವಿಮಾನವೊಂದನ್ನು ಬಾಡಿಗೆಗೆ ಹಿಡಿದನು. ಫೆಬ್ರವರಿ 3ರಂದು ನಡುರಾತ್ರಿ ಕಳೆದ ಮೇಲೆ ಅಯೋವಾದ ಕ್ಲಿಯರ್ ಲೇಕ್ ಬಳಿ ಮೇಲೇರಿದ ಆ ವಿಮಾನವು ಕೆಲವೇ ನಿಮಿಷಗಳಲ್ಲಿ ಹೊಲಕ್ಕೆ ಅಪ್ಪಳಿಸಿತು. ಹಾಲಿ, ಇನ್ನಿಬ್ಬರು ಗಾಯಕರು, ವಿಮಾನಚಾಲಕ, ನಾಲ್ವರೂ ಮಡಿದರು.

ನೆಲ ಮುಗಿಲು ಕಾಣದ ಕತ್ತಲಲ್ಲಿ ಉಪಕರಣಗಳನ್ನಷ್ಟೇ ನಂಬಿ ಹಾರಿಸುವ ಅರ್ಹತೆ 21 ವರ್ಷದ ಆ ಚಾಲಕನಿಗಿರಲಿಲ್ಲ. ಹವೆಯ ಎಚ್ಚರಿಕೆಯೂ ಪೂರ್ತಿ ತಲುಪಿರಲಿಲ್ಲ. ಹೊರಟದ್ದೇ ಅವಿವೇಕವೆಂದು ತನಿಖೆ ನಿರ್ಣಯಿಸಿತು.

ಹಾಲಿಗೆ ಆಗ 22 ವರ್ಷ. ಹೆಚ್ಚುಕಡಿಮೆ ನಮ್ಮ ವಯಸ್ಸು. ಧೈರ್ಯವೊಂದೇ ಸಾಲದು, ಬಾರದ್ದನ್ನು ಬಾರದೆನ್ನುವ ವಿವೇಕವೂ ಬೇಕು.