ಪಾಲ್ವಂಕರ್ ಬಾಲೂ ಅವರ ಚರಿತ್ರೆ

ಸಾತನೂರಿನ ಬಯಲಿನಲ್ಲಿ ದಾಂಡು ಚೆಂಡು ಹಿಡಿದು ಆಡುವ ನಮ್ಮ ಹುಡುಗರು ಪಾಲ್ವಂಕರ್ ಬಾಲೂ ಎಂಬವರ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು. ಇವರು 1870ರ ದಶಕದಲ್ಲಿ ನಮ್ಮ ಕನ್ನಡ ನಾಡಿನ ಧಾರವಾಡದಲ್ಲಿ, ತೊಗಲಿನ ಕೆಲಸದ ಕುಲದಲ್ಲಿ ಜನಿಸಿದರು. ಆ ಕುಲದವರನ್ನು ಮೇಲ್ಜಾತಿಯವರು ಮುಟ್ಟುತ್ತಿರಲಿಲ್ಲ. ತಂದೆಯು ಸೈನ್ಯದ ಚಾಕರಿಯಲ್ಲಿದ್ದುದರಿಂದ ಬಾಲೂ ಪುಣೆಯಲ್ಲಿ ಬೆಳೆದರು.

ಅಲ್ಲಿ ಐರೋಪ್ಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಸೇರಿ, ಆಟದ ನೆಲವನ್ನು ಮಟ್ಟಮಾಡುವುದು, ಬಲೆ ಕಟ್ಟುವುದು ಮುಂತಾದ ಕೆಲಸಗಳನ್ನು ಮಾಡುತ್ತಿದ್ದರು. ಇವರ ಎಡಗೈಯ ಚೆಂಡು ನೆಲಕ್ಕೆ ಬಿದ್ದು ತಿರುಗುವ ಬಗೆಯನ್ನು ಕಂಡ ಗ್ರೇಗ್ ದೊರೆಗಳು ತಮ್ಮ ಅಭ್ಯಾಸಕ್ಕಾಗಿ ಇವರಿಂದಲೇ ಚೆಂಡೆಸೆಯಿಸಿಕೊಂಡರು. ಗಂಟೆಗಟ್ಟಲೆ ಎಸೆದರೂ ದಾಂಡು ಹಿಡಿಯುವ ಸರದಿ ಮಾತ್ರ ಇವರಿಗೆ ಎಂದೂ ಬರಲಿಲ್ಲ.

ಐರೋಪ್ಯರನ್ನು ಸೋಲಿಸಲು ಇವರ ಕೈಚಳಕವು ಬೇಕಾದುದರಿಂದ ಪುಣೆಯ ಹಿಂದೂ ತಂಡದವರು ಇವರನ್ನು ಸೇರಿಸಿಕೊಂಡರು. ಬಯಲಿನಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟಿದರು. ಬಿಡುವಿನಲ್ಲಾದರೋ ಇತರರು ಪಿಂಗಾಣಿ ಬಟ್ಟಲಲ್ಲಿ ಚಹಾ ಕುಡಿಯುವಾಗ ಬಾಲೂ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಕೊಡಲ್ಪಟ್ಟಿತು. ಊಟದ ತಟ್ಟೆಯೂ ಮೇಜೂ ಬೇರೆಯಾಗಿದ್ದವು.

ಅವರು ಸೇಡಿಗೆ ಮನಸ್ಸು ಕೊಡದೆ ಕೆಲಸದಲ್ಲಿ ನೆಲೆನಿಂತರು. 1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳು ಐರೋಪ್ಯರನ್ನು 109 ಓಟಗಳಿಂದ ಸೋಲಿಸಿದಾಗ 8 ವಿಕೆಟ್ಟುಗಳು ಇವರವಾಗಿದ್ದವು. 1911ರಲ್ಲಿ ಪಟಿಯಾಲದ ಮಹಾರಾಜರ ತಂಡದೊಡನೆ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ಟುಗಳನ್ನು ಪಡೆದರು. ಹೀಗಿದ್ದರೂ ನಾಯಕತ್ವವು ಮೇಲ್ಜಾತಿಯವರ ಪಾಲಾಗುತ್ತಿತ್ತು. 1920ರಲ್ಲಿ ಈ ಅನ್ಯಾಯಕ್ಕಾಗಿ ತಮ್ಮಂದಿರಾದ ವಿಠ್ಠಲ, ಶಿವರಾಮರು ತಂಡದಿಂದ ಹಿಂದೆ ಸರಿದರು. ಬಳಿಕ ಬಾಲೂ ಉಪನಾಯಕರಾದರು. ನಾಯಕರಾದ ಪೈಯವರು ಕೆಲಹೊತ್ತು ಬಯಲಿನಿಂದ ಹೊರಗೆ ಹೋಗಿ ಅವರಿಗೆ ಎಡೆಮಾಡಿದರು. ಹೀಗೆ ಇನ್ನೊಬ್ಬರ ಸ್ಥಾನದಲ್ಲಿ ನಿಂತು ಮಾತ್ರ ಆ ಹಿರಿಯರು ತಂಡವನ್ನು ನಡಿಸಿದರು. 1923ರಲ್ಲಿ ವಿಠ್ಠಲರೇ ನಾಯಕರಾದರು. ಬಾಲೂ 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಪ್ರಿಯ ಸಹೋದರ ಸಹೋದರಿಯರೇ, ಇವರು ನಮ್ಮ ಸಭೆಗೆ ಸೇರಿದವರಲ್ಲ. ಆದರೂ ಆ ಮಣ್ಣಿನ ಕುಡಿಕೆಯು ನಮ್ಮನ್ನು ವಿಚಾರಿಸುತ್ತದೆ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಪಾಲು ಹೊಂದುವ ನಾವು, ಮನೆಗೆ ಹೋದ ಮೇಲೆ ಬೇರೆ ಕುಲದಿಂದ ಬಂದ ವಿಶ್ವಾಸಿಗೆ ಯಾವ ಲೋಟದಲ್ಲಿ ನೀರು ಕೊಡುತ್ತೇವೆ? ಮದುವೆಯ ಪಂಕ್ತಿಯಲ್ಲಿ ಅವರನ್ನು ಎಲ್ಲಿ ಕೂಡಿಸುತ್ತೇವೆ? ಒಬ್ಬನ ದುಡಿಮೆಯನ್ನು ಸ್ವೀಕರಿಸಿ ಅವನ ಪಂಕ್ತಿಯನ್ನು ನಿರಾಕರಿಸುವುದು ದೇವರ ಮುಂದೆ ಪಾಪವೇ ಸರಿ. ಮುಂದಿನ ಭೋಜನಾರಾಧನೆಗೆ ಬರುವ ಮುಂಚೆ ಪ್ರತಿಯೊಬ್ಬರೂ ತಮ್ಮ ಮನೆಯ ಪಾತ್ರೆಗಳನ್ನು ನೋಡಿಕೊಳ್ಳಲಿ.